ನಿಂತ ಕಾರಿನ ಹಾಡು

ರಾಯಲ್ ಓಕ್, ಮಿಷಿಗನ್
24 ಆಗಸ್ಟ್ 2025, ಭಾನುವಾರ

ತೀರ್ಥರೂಪರಾದ ಅಪ್ಪನವರ ಹಾಗೂ ಮಾತೃಶ್ರೀ ಅಮ್ಮನವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ವಾರಕ್ಕೊಮ್ಮೆ ತಪ್ಪದೆ ಫೋನಿನಲ್ಲಿ ಮಾತನಾಡುವವನು ಹೀಗೆ ಇದ್ದಕ್ಕಿದ್ದಂತೆ ಕಾಗದ ಬರೆಯಲು ಕುಳಿತದ್ದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಎರಡಿವೆ. ನೀವು ಯುಗಾದಿಯಿಂದ ಕೇಳುತ್ತಿದ್ದ ಗ್ರಾಮಫೋನಿನ ಮುಳ್ಳುಗಳು ಕೊನೆಗೂ ಸಿಕ್ಕಿವೆ. ಅವುಗಳನ್ನು ಬಳಸುವ ಕ್ರಮವನ್ನು ಫೋನಿನಲ್ಲಿ ಹೇಳಹೊರಟರೆ ನೀವು "ಆಯ್ತು, ಆಯ್ತು" ಎಂದು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಇನ್ನೊಂದು ಕಾರಣವನ್ನು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತೊಂದು ವರ್ಷಗಳಿಂದ ಧೈರ್ಯ ಬಂದಿಲ್ಲ. ಅದನ್ನು ಕಾಗದದ ಕೊನೆಯಲ್ಲಿ ಬರೆಯುತ್ತೇನೆ. ದಯವಿಟ್ಟು ಅಲ್ಲಿಗೇ ಹಾರಿ ಓದಬೇಡಿ.

ಮುಳ್ಳು ಸಿಕ್ಕಿದ್ದು ನಮ್ಮ ಮನೆಗೆ ಹತ್ತು ನಿಮಿಷದ ದೂರದಲ್ಲಿರುವ ಒಂದು ಹಳೆಯ ರೆಕಾರ್ಡುಗಳ ಅಂಗಡಿಯಲ್ಲಿ. ಒಳಗೆ ಕಾಲಿಟ್ಟ ಕೂಡಲೇ ತಾತನ ಟ್ರಂಕಿನ ವಾಸನೆಯೇ ಮೂಗಿಗೆ ಬಡಿಯಿತು. ಹಳೆಯ ರಟ್ಟು, ಧೂಳು, ಎಲ್ಲೋ ಒಂದಿಷ್ಟು ಮೆಷಿನ್ ಎಣ್ಣೆ, ಎಲ್ಲ ಹಾಗೆಯೇ. ಅಂಗಡಿಯ ಯಜಮಾನರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಮೂವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ತಮ್ಮ ಸಂಗ್ರಹವನ್ನೇ ಅಂಗಡಿ ಮಾಡಿಕೊಂಡವರು. ಅಮ್ಮ ವಾಟ್ಸ್ಯಾಪಿನಲ್ಲಿ ಕಳುಹಿಸಿದ್ದ ಚಿತ್ರವನ್ನು ತೋರಿಸಿದೆ. ಪೆಟ್ಟಿಗೆಯನ್ನೂ ಕೀಲಿ ಕೊಡುವ ಹಿಡಿಯನ್ನೂ ಮುಳ್ಳು ಸಿಕ್ಕಿಸುವ ತಲೆಯನ್ನೂ ದೊಡ್ಡದು ಮಾಡಿ ನೋಡಿದ ಅವರು, ಒಂದು ಮುಳ್ಳನ್ನು ನಿಮ್ಮ ತಂದೆ ಎಷ್ಟು ದಿನ ಬಳಸುತ್ತಾರೆ ಎಂದು ಕೇಳಿದರು. ಇದ್ದದ್ದು ಒಂದೇ ಮುಳ್ಳು, ಅದರಲ್ಲೇ ನಾಲ್ಕೈದು ತಿಂಗಳಿನಿಂದ ನಡೆಯುತ್ತಿದೆ ಎಂದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಅಪ್ಪ, ಆ ಮುಳ್ಳಿನ ಆಯುಸ್ಸು ಪ್ಲೇಟಿನ ಒಂದು ಮಗ್ಗುಲು, ಅಷ್ಟೇ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಹಳೆಯ ಪ್ಲೇಟುಗಳನ್ನು ಅಚ್ಚು ಹಾಕುವಾಗ ಅರಗಿನ ಜೊತೆಗೆ ನುಣ್ಣನೆಯ ಕಲ್ಲಿನ ಪುಡಿಯನ್ನು ಬೇಕೆಂದೇ ಬೆರೆಸುತ್ತಿದ್ದರಂತೆ. ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲಿ ಆ ಪುಡಿ ಮಸೆದು ಗೀರಿನ ಅಳತೆಗೆ ತರುತ್ತದೆ, ಮೂರು ನಿಮಿಷದ ಹಾಡು ಮುಗಿಯುವ ಹೊತ್ತಿಗೆ ಅದರ ತುದಿ ಸವೆದು ಅಂಚು ಕಟ್ಟಿರುತ್ತದೆ. ಅದೇ ಮುಳ್ಳನ್ನು ಎತ್ತಿ ಇನ್ನೊಂದು ಪ್ಲೇಟಿನ ಮೇಲಿಟ್ಟರೆ ಉಳಿಯಿಂದ ಕೆತ್ತಿದ ಹಾಗೆಯೇ. ಮುಳ್ಳು ಸವೆಯಲೆಂದೇ ಹುಟ್ಟಿದ್ದು, ಪ್ಲೇಟು ಉಳಿಯಲೆಂದು. ನಾವು ಇಷ್ಟು ವರ್ಷ ಇದನ್ನು ತಿರುಗಾಮುರುಗಾ ಮಾಡಿದ್ದೇವೆ. ಗಂಗೂಬಾಯಿ ಹಾನಗಲ್ ಅವರು ಎಳೆಯ ವಯಸ್ಸಿನಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ಪ್ಲೇಟು ಈಚೆಗೆ ಕರಕರ ಎನ್ನುತ್ತಿದೆ ಎಂದು ನೀವು ಹೇಳಿದ್ದಿರಿ. ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದಾಗ ತಾತ ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಪ್ಲೇಟು ಅದು. ಇನ್ನು ಮುಂದೆ ದಯವಿಟ್ಟು ಹೊಸ ಮುಳ್ಳಿಲ್ಲದೆ ಅದನ್ನು ಹಾಕಬೇಡಿ.

ಇನ್ನೊಂದು ಮಾತನ್ನು ಹೇಳಿದರೆ ನಿಮಗೆ ಸಿಟ್ಟು ಬರಬಹುದು. ಆ ಯಜಮಾನರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಚಿಕ್ಕ ಡಬ್ಬಿ ತೆಗೆದು, ಇದು ಮಾರಲು ಅಲ್ಲ, ನೋಡಲು ಮಾತ್ರ ಎಂದು ತೋರಿಸಿದರು. ಅದರಲ್ಲಿದ್ದದ್ದು ಕಳ್ಳಿಯ ಗಿಡದ ಮುಳ್ಳುಗಳು! ಉಕ್ಕಿನ ಮುಳ್ಳಿಗಿಂತ ಮೆತ್ತಗೆ ನುಡಿಯುತ್ತವೆ, ಪ್ಲೇಟಿಗೆ ಗಾಯ ಮಾಡುವುದಿಲ್ಲ ಎಂದು ಸಂಗೀತದ ರಸಿಕರು ಒಂದು ಕಾಲದಲ್ಲಿ ಅವನ್ನೇ ಹುಡುಕಿ ಕೊಳ್ಳುತ್ತಿದ್ದರಂತೆ. ಮೊಂಡಾದಾಗ ಮಸೆದು ಚೂಪು ಮಾಡಿಕೊಳ್ಳುವ ಸಲಕರಣೆಯೂ ಸಿಗುತ್ತಿತ್ತಂತೆ. ಪೇಟೆಯಲ್ಲಿ ಮುಳ್ಳು ಸಿಗದಿದ್ದಾಗ ತಾತ ತೋಟದ ಬೇಲಿಯಿಂದ ಜಾಲಿಮುಳ್ಳು ತಂದು ಸಿಕ್ಕಿಸುತ್ತಿದ್ದುದೂ, ಬೇಲಿಯ ಮುಳ್ಳಿನಿಂದ ಸಂಗೀತ ಕೇಳುವುದು ಹಳ್ಳಿ ಗಮಾರರ ಕೆಲಸ ಎಂದು ನೀವು ರೇಗಿದ್ದೂ, ತಾತ ಒಂದೂ ಮಾತಾಡದೆ ಕೀಲಿ ತಿರುಗಿಸುತ್ತ ಕುಳಿತದ್ದೂ ನೆನಪಿಗೆ ಬಂತು. ನಮ್ಮ ಭಾಷೆಯಲ್ಲಿ ಎರಡಕ್ಕೂ ಹೆಸರು ಮುಳ್ಳೇ ಎಂದು ವಿವರಿಸಿದಾಗ ಆ ಯಜಮಾನರು ಬಹಳ ಸಂತೋಷಪಟ್ಟರು. ಈ ಒಂದು ವಿಷಯದಲ್ಲಿ ತಾತನೇ ಸರಿ ಅಪ್ಪ.

ಅರಗಿನ ಕಥೆಯನ್ನೂ ಅವರಿಂದಲೇ ಕೇಳಿದೆ. ಈ ದೇಶದ ಅಟ್ಟಗಳಲ್ಲಿ ಇವತ್ತಿಗೂ ರಾಶಿ ಬಿದ್ದಿರುವ ಹಳೆಯ ಪ್ಲೇಟುಗಳಿಗೆ ಬೇಕಾದ ಅರಗು ಹೆಚ್ಚಾಗಿ ನಮ್ಮ ದೇಶದಿಂದ, ಛೋಟಾ ನಾಗಪುರದ ಕಾಡುಗಳಿಂದ ಹಡಗು ಹತ್ತಿ ಬರುತ್ತಿತ್ತು. ಮುತ್ತುಗದ ಮರದ ರೆಂಬೆಗಳಲ್ಲಿ ಸಣ್ಣ ಹುಳುಗಳು ಕಟ್ಟುವ ಅಂಟು ಅದು. ಎರಡನೆಯ ಮಹಾಯುದ್ಧದಲ್ಲಿ ಆ ದಾರಿ ಕಷ್ಟವಾದಾಗ, 1942ರಲ್ಲಿ, ಇಲ್ಲಿನ ಸರ್ಕಾರ ಪ್ಲೇಟಿಗೆ ಅರಗು ಬಳಸುವುದಕ್ಕೆ ಕಡಿವಾಣ ಹಾಕಿತು. ಒಡೆದ ಪ್ಲೇಟುಗಳನ್ನು ಜನರಿಂದ ವಾಪಸು ಪಡೆದು, ಪುಡಿ ಮಾಡಿ, ಮತ್ತೆ ಅಚ್ಚಿಗೆ ಹಾಕಿದರು. ಮುತ್ತುಗದ ಎಲೆಯ ಮೇಲೆ ಊಟ ಮಾಡಿ ಬೆಳೆದವನು ನಾನು. ಅದೇ ಮರದ ರಸದ ಮೇಲೆ ಈ ಊರಿನವರ ಅಜ್ಜ ಅಜ್ಜಿಯರು ಕುಣಿದಿದ್ದಾರೆ ಎಂದು ಗೊತ್ತಾದ ಮೇಲೆ ಆ ಅಂಗಡಿಯಲ್ಲಿ ನಾನು ಪರಕೀಯನಂತೆ ನಿಲ್ಲಲಿಲ್ಲ, ಸ್ಟೂಲು ಎಳೆದುಕೊಂಡು ಕುಳಿತುಬಿಟ್ಟೆ. ಅಲ್ಲಿಂದ ಎದ್ದದ್ದು ಮೂರು ಗಂಟೆಯ ಮೇಲೆ.

ಆ ಮೂರು ಗಂಟೆ ಅವರು ಹಾಕಿದ್ದೆಲ್ಲ ಕಾರಿನ ಹಾಡುಗಳೇ. ಕಾರಿನಲ್ಲಿ ಹೋಗುತ್ತ ಕೇಳುವ ಹಾಡು ಎಂದು ತಿಳಿಯಬೇಡಿ. ಕಾರನ್ನೇ ಹೆಸರು ಹಿಡಿದು ಹೊಗಳುವ ಹಾಡುಗಳು ಇವು, ನಮ್ಮಲ್ಲಿ ದೇವರ ಮೇಲೆ ಕಟ್ಟುವ ಹಾಗೆ. ಕಾರು ಎಂಬುದು ಇನ್ನೂ ಶ್ರೀಮಂತರ ವಿಲಾಸವಾಗಿದ್ದ 1905ರಲ್ಲೇ ಓಲ್ಡ್ಸ್‌ಮೊಬೀಲ್ ಕಾರಿನ ಮೇಲೆ ಇಲ್ಲಿ ಒಂದು ಹಾಡು ಹುಟ್ಟಿ ಮನೆಮಾತಾಗಿತ್ತು. ಆ ಕಾರು ತಯಾರಾಗುತ್ತಿದ್ದ ಲ್ಯಾನ್ಸಿಂಗ್ ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. 1951ರಲ್ಲಿ ಅದೇ ಕಂಪನಿಯ ರಾಕೆಟ್ 88 ಎಂಬ ಕಾರಿನ ಹೆಸರಿನಲ್ಲಿ ಇನ್ನೊಂದು ಪ್ಲೇಟು ಬಂತು. ಮುಂದೆ ರಾಕ್ ಅಂಡ್ ರೋಲ್ ಎಂದು ಹೆಸರಾದ ಸಂಗೀತದ ಮೊದಲ ಪ್ಲೇಟು ಇದೇ ಎಂದು ವಾದಿಸುವವರು ಬಹಳ ಮಂದಿ ಇದ್ದಾರೆ.

ಆ ಪ್ಲೇಟಿನ ಕಥೆಯನ್ನು ನಿಮಗೆ ಹೇಳಲೇಬೇಕು. ಐಕ್ ಟರ್ನರ್ ಎಂಬ ಹತ್ತೊಂಬತ್ತರ ಹುಡುಗನ ತಂಡ ಮಿಸಿಸಿಪ್ಪಿಯಿಂದ ಮೆಂಫಿಸ್‌ವರೆಗೆ ವಾದ್ಯಗಳನ್ನು ಕಾರಿಗೆ ಹೇರಿಕೊಂಡು ಹೊರಟಿತು. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಪೆಟ್ಟು ತಿಂದಿತು. ಕೆಳಗೆ ಬಿದ್ದಿತೆಂದು ಒಬ್ಬರು, ಮಳೆಯಲ್ಲಿ ನೆನೆಯಿತೆಂದು ಇನ್ನೊಬ್ಬರು ಹೇಳುತ್ತಾರೆ. ಸ್ಯಾಮ್ ಫಿಲಿಪ್ಸ್ ಎಂಬವರ ಸ್ಟುಡಿಯೊ ತಲುಪಿ ನೋಡಿದರೆ ಅದರ ಸ್ಪೀಕರು ಹರಿದಿತ್ತು. ರಿಪೇರಿಗೆ ಸಮಯವಿರಲಿಲ್ಲ. ಹರಿದ ಜಾಗಕ್ಕೆ ಕಾಗದವನ್ನು ತುರುಕಿ ನುಡಿಸಿದರು. ತಗಡು ಬಡಿದಂತೆ ಗುರುಗುಟ್ಟುವ ಆ ಸ್ವರ ಇದ್ದಂತೆಯೇ ಇರಲಿ ಎಂದು ಫಿಲಿಪ್ಸ್ ಉಳಿಸಿಕೊಂಡರು. ಆಮೇಲೆ ಲೋಕವೆಲ್ಲ ಕಾಸು ಕೊಟ್ಟು ಆ ಗುರುಗುಟ್ಟನ್ನೇ ಬಯಸಿತು. ಇಷ್ಟಾಗಿಯೂ ಪ್ಲೇಟಿನ ಮೇಲೆ ಅಚ್ಚಾದದ್ದು ಹಾಡಿದ ಜಾಕಿ ಬ್ರೆನ್ಸ್‌ಟನ್ ಹೆಸರು, ಟರ್ನರ್ ಹೆಸರಲ್ಲ. ಮನೆ ಕಟ್ಟಿದವನೊಬ್ಬ, ಗೃಹಪ್ರವೇಶ ಮಾಡಿದವನೊಬ್ಬ ಎಂದು ನೀವು ಹೇಳುವ ಮಾತು ಜ್ಞಾಪಕಕ್ಕೆ ಬಂತು.

ನಾಲ್ಕು ವರ್ಷದ ನಂತರ, 1955ರಲ್ಲಿ, ಚಕ್ ಬೆರಿ ಎಂಬ ಗಾಯಕ ಹಳೆಯ ಫೋರ್ಡಿನಲ್ಲಿ ಕುಳಿತು ಕ್ಯಾಡಿಲಾಕನ್ನು ಅಟ್ಟಿಸಿಕೊಂಡು ಹೋಗುವ ಹಾಡು ಹಾಡಿದ. ಆತನೂ ಹಿಂದೆ ಕಾರಿನ ಮೈ ತಯಾರಿಸುವ ಕಾರ್ಖಾನೆಯಲ್ಲಿ ಕೂಲಿ ಮಾಡಿದವನು. 1962ರ ಒಂದು ಹಾಡಿಗಂತೂ ಎಂಜಿನ್ನಿನ ಗಾತ್ರದ ಅಂಕಿಯೇ ಪಲ್ಲವಿ. ನಾನೂರ ಒಂಬತ್ತು, ನಾನೂರ ಒಂಬತ್ತು ಎಂದು ಕ್ಯಾಲಿಫೋರ್ನಿಯಾದ ಹುಡುಗರು ಭಜನೆ ಮಾಡಿದ ಹಾಗೆ ಹಾಡುತ್ತಾರೆ. ಘನ ಅಂಗುಲದ ಆ ಲೆಕ್ಕವನ್ನು ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 6,700 ಸಿಸಿ ಆಗುತ್ತದೆ. ನಮ್ಮ ಪದ್ಮಿನಿಯದು 1,089. ಆ ಅಂಕಿಯ ಮೇಲೆ ಯಾರಾದರೂ ಪಲ್ಲವಿ ಎತ್ತಿದ್ದರೆ ತಾಳ ಎಲ್ಲಿ ಕೂರುತ್ತಿತ್ತೋ!

ನಿಮಗೆ ಹೆಚ್ಚು ಹಿಡಿಸುವುದು ಬೆರಿ ಗೋರ್ಡಿ ಎಂಬವರ ಕಥೆ. ನೀವಿಬ್ಬರೂ ಇಲ್ಲಿಗೆ ಬಂದಿದ್ದಾಗ ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನಲ್ಲಿ 2648ನೆಯ ನಂಬರಿನ ಬಿಳಿಯ ಮನೆಯ ಮುಂದೆ ಕಾರು ನಿಲ್ಲಿಸಿದ್ದೆ. ಇದೇನು, ನಮ್ಮ ತಿಪಟೂರಿನ ಡಾಕ್ಟರ ಹಳೇ ಮನೆಯ ಹಾಗಿದೆ ಎಂದು ಅಮ್ಮ ಅಂದಿದ್ದಳು. ಮೋಟೌನ್ ಎಂಬ ಜಗತ್ಪ್ರಸಿದ್ಧ ರೆಕಾರ್ಡು ಕಂಪನಿ ಬೆಳೆದದ್ದು ಆ ಮನೆಯಲ್ಲಿ. ಗೋರ್ಡಿ ಮೊದಲು ಜಾಸ್ ಸಂಗೀತದ ಪ್ಲೇಟು ಮಾರುವ ಅಂಗಡಿ ಇಟ್ಟು ಕೈಸುಟ್ಟುಕೊಂಡರು. ಆಮೇಲೆ ಲಿಂಕನ್ ಮರ್ಕ್ಯುರಿ ಕಾರ್ಖಾನೆಗೆ ಸೇರಿ, ಕಾರುಗಳು ಸಾಲಾಗಿ ಮುಂದೆ ಸಾಗುತ್ತಿರುವಾಗ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ತಲೆಯೊಳಗೆ ಹಾಡು ಕಟ್ಟುತ್ತಿದ್ದರು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಂಪನಿ ಆರಂಭಿಸಿದಾಗ ಅವರು ಕಾರ್ಖಾನೆಯ ಕ್ರಮವನ್ನೇ ಹಾಡಿಗೂ ಅಳವಡಿಸಿದರು. ಒಬ್ಬ ಬರೆಯುವವನು, ಒಬ್ಬ ಸ್ವರ ಕೂಡಿಸುವವನು, ಒಬ್ಬ ನಡೆನುಡಿ ಕಲಿಸುವವನು, ಕೊನೆಗೆ ಪಾಸು ಫೇಲು ಮಾಡಲು ಒಂದು ಪರೀಕ್ಷಾ ಸಭೆ. ಹಾಡನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಿದರೆ ಸಾಲದು, ಕಾರಿನ ರೇಡಿಯೊದಂತಹ ಪುಟ್ಟ ಸ್ಪೀಕರಿನಲ್ಲೂ ಹಾಕಿ ನೋಡುತ್ತಿದ್ದರಂತೆ, ಏಕೆಂದರೆ ಹುಡುಗ ಹುಡುಗಿಯರು ಕೇಳುವುದು ಅದರಲ್ಲೇ. 1965ರಲ್ಲಿ ಆ ಕಂಪನಿಯ ಮೂವರು ಗಾಯಕಿಯರು ಫೋರ್ಡಿನ ಕಾರ್ಖಾನೆಯೊಳಗೆ, ಅರ್ಧಂಬರ್ಧ ಜೋಡಿಸಿದ ಮಸ್ಟಾಂಗ್ ಕಾರುಗಳ ನಡುವೆ ನುಸುಳಿಕೊಂಡು ಹಾಡಿದ ಚಿತ್ರವೊಂದಿದೆ. ಸುತ್ತ ಕಾರ್ಮಿಕರು ಕೆಲಸ ಮಾಡುತ್ತಲೇ ಇರುತ್ತಾರೆ.

ಅದನ್ನು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಇಲ್ಲಿನವರು ಕಾರಿನ ಮೇಲೆ ಹಾಡು ಕಟ್ಟಿದ್ದು ಕಾರು ಓಡಿಸಿದ್ದಕ್ಕೆ ಮಾತ್ರ ಅಲ್ಲ, ಅದನ್ನು ಅವರೇ ಮಾಡಿದ್ದಕ್ಕೆ. ಬಡಗಿ ಗಾಡಿ ಮಾಡುವ ಊರಿನಲ್ಲಿ ಗಾಡಿಯ ಹಾಡು ಹುಟ್ಟುತ್ತದೆ. ನಮ್ಮಲ್ಲಿ ಎತ್ತಿನ ಗಾಡಿಯ ಮೇಲೂ ಬಂಡಿ ಹೊಡೆಯುವವನ ಮೇಲೂ ಬೇಕಾದಷ್ಟು ಪದಗಳಿವೆ. ಕಾರಿನ ಮೇಲೆ ಅಂತಹ ಪದ ಹುಟ್ಟಲಿಲ್ಲ. ಕಾರು ನಮಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ವಸ್ತುವಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ ಬರುವ ತನಕ ಹೊಸ ಕಾರು ಎಂದರೆ ಹೆಚ್ಚುಕಡಿಮೆ ಅಂಬಾಸಿಡರ್ ಇಲ್ಲವೆ ಪದ್ಮಿನಿ, ಅದೂ ಸರದಿ ಬಂದಾಗ. ನೀವು ಸರದಿಗೆ ಕಾಯದೆ 1985ರಲ್ಲಿ, ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದ ವರ್ಷ, ಸಕಲೇಶಪುರದ ಪ್ಲಾಂಟರ್ ಒಬ್ಬರಿಂದ 1976ರ ಪದ್ಮಿನಿಯನ್ನು ತಂದಿರಿ. ಅದು ಗೇಟಿನೊಳಗೆ ಬಂದಾಗ ಅಜ್ಜಿ ಎಮ್ಮೆಗೆ ಮಾಡುವ ಹಾಗೆ ಹಣೆಗೆ, ಎಂದರೆ ಬಾನೆಟ್ಟಿಗೆ, ಅರಿಶಿನ ಹಚ್ಚಿ ಆರತಿ ಎತ್ತಿದಳು.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿದ್ದಾಗಲೇ ಕಳೆದ ಶನಿವಾರದ ಹಿಂದಿನ ಶನಿವಾರ, ಹದಿನಾರನೆಯ ತಾರೀಕು, ಇಲ್ಲಿನ ಕಾರಿನ ಜಾತ್ರೆ ನಡೆಯಿತು. ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿ ಡೆಟ್ರಾಯಿಟ್ ನದಿಯ ದಡದಿಂದ ಹೊರಟು ನಮ್ಮ ಊರನ್ನು ಹಾದು ಪಾಂಟಿಯಾಕ್‌ವರೆಗೆ ಹೋಗುತ್ತದೆ. ಈ ದೇಶದಲ್ಲಿ ಮೊದಲ ಬಾರಿಗೆ ಒಂದು ಮೈಲಿ ಉದ್ದದ ಕಾಂಕ್ರೀಟ್ ರಸ್ತೆ ಹಾಕಿದ್ದು ಇದರ ಮೇಲೆಯೇ, 1909ರಲ್ಲಿ. 1995ರಲ್ಲಿ ಪಕ್ಕದ ಫರ್ನ್‌ಡೇಲ್ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲೆಂದು ಹಳೆಯ ಕಾರುಗಳ ಮೆರವಣಿಗೆ ಏರ್ಪಡಿಸಿದರು. ಈಗ ಪ್ರತಿ ಆಗಸ್ಟಿನ ಮೂರನೆಯ ಶನಿವಾರ ಅದು ತಪ್ಪುವುದಿಲ್ಲ. ಬೆಳಗಾಗುವುದರೊಳಗೆ ರಸ್ತೆಯ ಎರಡೂ ಬದಿಗೆ ಮಡಚುವ ಕುರ್ಚಿ ಹಾಕಿ ಜಾಗ ಹಿಡಿಯುತ್ತಾರೆ, ನಮ್ಮವರು ಜಂಬೂಸವಾರಿಗೆ ಹಿಡಿಯುವ ಹಾಗೆ. ಅಂಬಾರಿಯ ಬದಲು ಕಾರು. ಆನೆಯ ನಡಿಗೆಗಿಂತ ವೇಗ ಮಾತ್ರ ಹೆಚ್ಚಿಲ್ಲ.

ಹದಿಮೂರನೆಯ ಮೈಲಿ ರಸ್ತೆ ಕೂಡುವ ಕಡೆ ನಾನೂ ಕುರ್ಚಿ ಹಾಕಿಕೊಂಡಿದ್ದೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಹಿಂಬದಿಗೆ ರೆಕ್ಕೆಗಳಿದ್ದ, ಬಿಳಿ ಮತ್ತು ತಿಳಿ ಹಸಿರು ಬಣ್ಣದ 1957ರ ಕಾರೊಂದು ನಮ್ಮ ಎದುರಿಗೇ ಎರಡು ಸಲ ಕೆಮ್ಮಿ ನಿಂತಿತು. ಎಂಬತ್ತು ದಾಟಿದ ಯಜಮಾನರು ಇಳಿದು ಬಾನೆಟ್ ಎತ್ತಿದರು. ಹೆಂಡತಿ ಇಳಿಯಲಿಲ್ಲ. ಒಳಗೆ ಇಣುಕಿದರೆ ಪೆಟ್ರೋಲಿನ ಕೊಳವೆಯ ಉದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು! ಮರ ಕೊಳವೆಯ ಶಾಖವನ್ನು ಹೀರುತ್ತದೆ ಎಂದು ಇಲ್ಲಿನ ಹಿರಿಯರ ನಂಬಿಕೆ. ಹೀರುತ್ತದೆಯೋ ಇಲ್ಲವೋ ಎಂದು ಎರಡು ಪಂಗಡಗಳೇ ಇವೆಯಂತೆ. ರೋಗ ಏನೆಂದು ನನಗೆ ಆ ಕೆಮ್ಮಿನಲ್ಲೇ ತಿಳಿದಿತ್ತು. ಎಂಜಿನ್ನಿನ ಕಾವಿಗೆ ಪಂಪಿನಲ್ಲಿದ್ದ ಪೆಟ್ರೋಲು ಆವಿಯಾಗಿ ಕುಳಿತಿದೆ, ಪಂಪು ದ್ರವವನ್ನು ಎಳೆಯಬಲ್ಲದೇ ಹೊರತು ಆವಿಯನ್ನಲ್ಲ. ನನ್ನ ತಂಪು ಪೆಟ್ಟಿಗೆಯಲ್ಲಿದ್ದ ಐಸಿನ ನೀರಿಗೆ ಟವೆಲ್ ಅದ್ದಿ, ಹಿಂಡದೆ, ಪಂಪಿನ ಮೇಲೆ ಸುತ್ತಿದೆ. ಇದನ್ನು ಎಲ್ಲಿ ಕಲಿತೆ ಎಂದು ಅವರು ಕೇಳಿದರು. ಶಿರಾಡಿ ಘಾಟಿಯಲ್ಲಿ ಎಂದೆ. ಅದು ಯಾವ ರಾಜ್ಯದಲ್ಲಿದೆ ಎಂದರು.

ನಿಮಗೆ ನೆನಪಿರುತ್ತದೆ. ಧರ್ಮಸ್ಥಳದಿಂದ ಹಿಂದಿರುಗುವಾಗ ಗುಂಡ್ಯ ದಾಟಿ ಘಾಟಿ ಹತ್ತತೊಡಗಿದರೆ ದೋಣಿಗಲ್ಲು ಮುಟ್ಟುವುದರೊಳಗೆ ಒಮ್ಮೆಯಾದರೂ ನಿಲ್ಲದೆ ಗತಿಯಿರಲಿಲ್ಲ. ಕಾರಿನ ತಪ್ಪೇನೂ ಇಲ್ಲ. ಏಪ್ರಿಲ್ ತಿಂಗಳ ಸೆಕೆ, ಎಡೆಬಿಡದ ಏರು, ಐದು ಜನ ಕೂರುವ ಜಾಗದಲ್ಲಿ ಮಡಿಲ ಮಕ್ಕಳೂ ಸೇರಿ ನಾವು ಎಂಟು ಜನ. ಸ್ಟೀರಿಂಗಿನ ಪಕ್ಕದ ಗೇರನ್ನು ನೀವು ಎರಡರಿಂದ ಒಂದಕ್ಕೆ ಇಳಿಸುತ್ತಿದ್ದ ಹಾಗೆಯೇ ಅಮ್ಮ ಮಂಜುನಾಥಸ್ವಾಮಿಯ ಹೆಸರು ಹೇಳತೊಡಗುತ್ತಿದ್ದಳು. ಗಾಡಿ ನಿಂತ ಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ನನ್ನ ಕೆಲಸ, ಝರಿಯಿಂದ ಚೊಂಬಿನಲ್ಲಿ ನೀರು ತರುವುದು ಚಿಕ್ಕಪ್ಪನ ಕೆಲಸ. ನೀವು ಹೆಗಲ ಮೇಲಿನ ಟವೆಲನ್ನು ನೆನೆಸಿ ಪಂಪಿಗೆ ಸುತ್ತಿ, ಕೈಕಟ್ಟಿ, ಬಾನೆಟ್ಟಿನೊಳಗೆ ನೋಡುತ್ತ ನಿಲ್ಲುತ್ತಿದ್ದಿರಿ. ಆಗ ಹಿಂದಿನ ಸೀಟಿನಿಂದ ಅಜ್ಜಿಯ ದಾಸರ ಪದ ಶುರುವಾಗುತ್ತಿತ್ತು. ಯಾರೂ ಕೇಳಿಕೊಂಡದ್ದಲ್ಲ. ಕಾರು ಓಡುತ್ತಿರುವಾಗ ಅಜ್ಜಿ ಹಾಡಿದ್ದನ್ನು ನಾನು ಕೇಳಿಯೇ ಇಲ್ಲ, ಎಂಜಿನ್ನಿನ ಸದ್ದಿಗೆ ಶ್ರುತಿ ಕೆಡುತ್ತದೆ ಎನ್ನುತ್ತಿದ್ದಳು. ನಿಂತಾಗ ಮಾತ್ರ ಹಾಡು. ಪಂಪು ತಣಿಯಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವೂ ನಮಗೆ ಗಡಿಯಾರದಲ್ಲಿ ಇರಲಿಲ್ಲ. ಮೂರು ಪದ ಮುಗಿದರೆ ನೀವು ಕೀ ತಿರುಗಿಸುತ್ತಿದ್ದಿರಿ. ಹೆಚ್ಚಿನ ಸಲ ಸ್ಟಾರ್ಟ್ ಆಗುತ್ತಿತ್ತು. ಆಗದಿದ್ದರೆ ನಾಲ್ಕನೆಯ ಪದ.

ಹದಿಮೂರನೆಯ ಮೈಲಿಯಲ್ಲಿ ಆ ಮುದುಕರ ಪಕ್ಕ ನಿಂತಾಗ ನನ್ನ ಕಿವಿ ತಾನಾಗಿಯೇ ಹಿಂದಿನ ಸೀಟಿಗೆ ಹೋಯಿತು. ಅಲ್ಲಿ ಆ ಅಮ್ಮ ಹಾಡುತ್ತಿರಲಿಲ್ಲ, ಈ ಕಾರನ್ನು ಹತ್ತು ವರ್ಷದ ಹಿಂದೆಯೇ ಮಾರಬೇಕಿತ್ತು ಎಂದು ಗಂಡನಿಗೆ ಸಹಸ್ರನಾಮ ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆಯಿತು. ನನ್ನ ಟವೆಲ್ ಅವರ ಜೊತೆಯಲ್ಲೇ ಪಾಂಟಿಯಾಕಿನ ಕಡೆಗೆ ಹೋಯಿತು.

ನಮ್ಮ ಪದ್ಮಿನಿಯಲ್ಲಿ ರೇಡಿಯೊ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಅಮ್ಮ ಅಡಕೆಪುಡಿಯ ಡಬ್ಬಿಯನ್ನೂ ವಾಂತಿಯಾಗದಿರಲೆಂದು ನಿಂಬೆಹಣ್ಣನ್ನೂ ಇಡುತ್ತಿದ್ದಳು. ಮನೆಯ ರೇಡಿಯೊಗೆ ವರ್ಷ ವರ್ಷ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿ ಬೇಸತ್ತವರು ನೀವು, ಕಾರಿಗೂ ಒಂದು ಕಂಟಕ ಏಕೆ ಎಂದಿರಿ. ಇಲ್ಲಿನವರಿಗೆ ಆ ಜಾಗವನ್ನು ತುಂಬುವ ಹಂಬಲ ಬಹಳ ಹಿಂದಿನದು. 1930ರಲ್ಲಿ ಗ್ಯಾಲ್ವಿನ್ ಸೋದರರು ಕಾರಿಗೆ ಕೂರಿಸುವ ರೇಡಿಯೊ ಮಾಡಿ ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟರು. ಮೋಟಾರಿನಿಂದ ಅರ್ಧ, ಆ ಕಾಲದಲ್ಲಿ ಮನೆಮಾತಾಗಿದ್ದ ವಿಕ್ಟ್ರೋಲಾ ಎಂಬ ಗ್ರಾಮಫೋನಿನಿಂದ ಅರ್ಧ. ನೀವು ಮೊದಲು ಕೊಂಡ ಮೊಬೈಲು ಅದೇ ಹೆಸರಿನದ್ದಲ್ಲವೇ? 1956ರಲ್ಲಿ ಕ್ರೈಸ್ಲರ್ ಕಂಪನಿ ಇನ್ನೂ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿನ ಕೆಳಗೆ ಪ್ಲೇಟು ಹಾಕುವ ಯಂತ್ರವನ್ನೇ ಜೋಡಿಸಿತು. ನಿಮಿಷಕ್ಕೆ 16⅔ ಸುತ್ತಿನ ನಿಧಾನದ ಪ್ಲೇಟುಗಳು, ರಸ್ತೆಯ ಕುಲುಕಾಟಕ್ಕೆ ಜಗ್ಗದಂತೆ ಒತ್ತಿ ಹಿಡಿದ ಮುಳ್ಳು. ಆ ಪ್ಲೇಟುಗಳನ್ನು ಬೇರೆಲ್ಲೂ ಹಾಕುವಂತಿಲ್ಲ, ಬೇರೆ ಪ್ಲೇಟುಗಳನ್ನು ಇದರಲ್ಲಿ ಹಾಕುವಂತಿಲ್ಲ. ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ.

2003ರಲ್ಲಿ ನಾನು ಇಲ್ಲಿಗೆ ಹೊರಟಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನೀವು ಕರವಸ್ತ್ರದಲ್ಲಿ ಸುತ್ತಿದ ಒಂದು ಕ್ಯಾಸೆಟ್ ಕೊಟ್ಟಿರಿ. ಅಜ್ಜಿ ಹೋಗುವುದಕ್ಕೆ ಐದು ವರ್ಷ ಮೊದಲು ಅರಸೀಕೆರೆಯಲ್ಲಿ ಅತ್ತೆಯ ಮನೆಯ ಟೂ ಇನ್ ಒನ್‌ನಲ್ಲಿ ರೆಕಾರ್ಡ್ ಮಾಡಿದ ದಾಸರ ಪದಗಳು. ಇರುವುದು ಇದೊಂದೇ, ಜೋಪಾನ ಎಂದಿರಿ. ಇಲ್ಲಿ ನಾನು ಕೊಂಡ ಮೊದಲ ಕಾರು ಹನ್ನೊಂದು ವರ್ಷ ಹಳೆಯ ಓಲ್ಡ್ಸ್‌ಮೊಬೀಲ್, ಆ ಹಾಡಿನದೇ ಕುಲದ್ದು. ನಾನು ಕೊಂಡ ಮರುವರ್ಷ, 2004ರಲ್ಲಿ, ಲ್ಯಾನ್ಸಿಂಗ್‌ನಲ್ಲಿ ಕೊನೆಯ ಕಾರು ಮಾಡಿ ಆ ಹೆಸರನ್ನೇ ನಿಲ್ಲಿಸಿದರು. ಅದರಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ದಿನವೂ ಕೆಲಸಕ್ಕೆ ಹೋಗುವಾಗ ಅಜ್ಜಿಯ ಪದ ಹಾಕಿಕೊಳ್ಳುತ್ತಿದ್ದೆ. ಓಡುವ ಕಾರಿನಲ್ಲಿ ಅಜ್ಜಿ ಹಾಡಿದ್ದು ಆಗಲೇ.

ಆ ಜುಲೈ ತಿಂಗಳಿನಲ್ಲಿ ಒಂದು ದಿನ ಅವಸರದಲ್ಲಿ ಕ್ಯಾಸೆಟನ್ನು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಗಾಜು ಏರಿಸಿ, ಬಯಲಿನಲ್ಲಿ ಕಾರು ನಿಲ್ಲಿಸಿ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅದರ ಅಂಚು ಎದ್ದು ನಿಂತಿತ್ತು. ಬುದ್ಧಿಯಿಲ್ಲದೆ ಅದನ್ನೇ ಒತ್ತಿ ಪ್ಲೇಯರಿಗೆ ತುರುಕಿದೆ. ಒಳಗೆ ಟೇಪು ಸುತ್ತಿಕೊಂಡು ಹರಿಯಿತು. ಕಾರಿನದೂ ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ಪ್ರತಿ ಯುಗಾದಿಗೂ ನೀವು ಅಜ್ಜಿಯ ಕ್ಯಾಸೆಟ್ ಹೇಗಿದೆ ಎಂದು ಕೇಳುತ್ತೀರಿ. ಪ್ರತಿ ಯುಗಾದಿಗೂ ನಾನು ಭದ್ರವಾಗಿದೆ ಎನ್ನುತ್ತೇನೆ. ಭದ್ರವಾಗಿ ಇದ್ದದ್ದು ನಿಜ, ಬೀರುವಿನಲ್ಲಿ, ಅದೇ ಕರವಸ್ತ್ರದಲ್ಲಿ, ಸೊಟ್ಟಗೆ. ಕ್ಷಮೆ ಕೇಳುವ ಮುಖವೂ ನನಗಿಲ್ಲ.

ಮುಳ್ಳು ಕೊಳ್ಳಲು ಹೋದ ದಿನ ಅದನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಎದ್ದು ಹೊರಡುವಾಗ ತೆಗೆದು ಕೊಟ್ಟೆ. ಆ ಯಜಮಾನರು ಕನ್ನಡಕ ಬದಲಿಸಿ, ಮೂಲೆಗಳ ಹಾಗೂ ನಡುವಿನ ಐದು ತಿರುಪು ಬಿಚ್ಚಿ, ಸೊಟ್ಟಗಾದ ಕವಚದಿಂದ ಟೇಪಿನ ಎರಡು ಸುರುಳಿಗಳನ್ನು ಚಿಮಟದಲ್ಲಿ ಹಿಡಿದೆತ್ತಿ, ಬೇರೊಂದು ಖಾಲಿ ಕವಚದೊಳಗೆ ಇಳಿಸಿದರು. ಹರಿದ ಕಡೆ ಅಂಟುಪಟ್ಟಿ ಹಾಕಿದರು. ಹಾಳಾದದ್ದು ಹೊರಗಿನ ಕವಚ, ಒಳಗಿನ ಟೇಪು ಬಹುಪಾಲು ಉಳಿದಿದೆ ಎಂದರು. ಇಷ್ಟು ವರ್ಷ ನಾನು ಅದನ್ನು ಬಿಚ್ಚಿ ನೋಡುವ ಗೋಜಿಗೇ ಹೋಗಿರಲಿಲ್ಲ.

ಅಪ್ಪ, ಅಜ್ಜಿ ಹಾಡಿದಳು. ಮೊದಲ ಪದ ಪೂರ್ತಿ ಇದೆ. ನಡುವೆ ಅತ್ತೆಯ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಅಜ್ಜಿ ಹಾಡು ನಿಲ್ಲಿಸಿ "ಅದು ಎಷ್ಟನೇ ಕೂಗು?" ಎಂದು ಕೇಳುತ್ತಾಳೆ. ಮೂರನೆಯದು ಎಂದು ಅಮ್ಮನ ದನಿ. ಮತ್ತೆ ನಿಲ್ಲಿಸಿದ ಅಕ್ಷರದಿಂದಲೇ ಹಾಡು ಮುಂದುವರಿಯುತ್ತದೆ. ಆ ಯಜಮಾನರಿಗೆ ಭಾಷೆ ತಿಳಿಯದಿದ್ದರೂ ಕುಕ್ಕರಿನ ಸದ್ದಿಗೆ ನಕ್ಕರು. ಕಾರಿನ ಹಾಡುಗಳಿಗೆ ದುಡ್ಡು ತೆಗೆದುಕೊಂಡವರು ಈ ಕೆಲಸಕ್ಕೆ ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರಿಗೆ ಇಳಿಸಿದ್ದೇನೆ. ಮುಂದಿನ ಭಾನುವಾರ ಅಮ್ಮನ ಫೋನಿಗೆ ಕಳುಹಿಸುತ್ತೇನೆ. ಈ ಕಾಗದ ಕೈಸೇರುವ ಮೊದಲೇ ಅದು ಬಂದರೆ ಏನೂ ಕೇಳಬೇಡಿ, ಕಾಗದ ಬರಲಿ.

ಎರಡನೆಯ ಪದ ಮಾತ್ರ ಮೂರನೆಯ ನುಡಿಯ ನಡುವೆ ನಿಂತುಹೋಗುತ್ತದೆ. ಆ ಭಾಗದ ಟೇಪು ಮುದುಡಿ ಪುಡಿಯಾಗಿದೆ. ಘಾಟಿಯಲ್ಲಿ ಅಜ್ಜಿ ಯಾವಾಗಲೂ ಎರಡನೆಯದಾಗಿ ಹಾಡುತ್ತಿದ್ದ ಪದವೇ ಅದು, ನಿಮಗೆ ಬಾಯಿಪಾಠ ಬರುತ್ತದೆ. ಮುಂದಿನ ನುಡಿಗಳನ್ನು ನಿಮ್ಮ ಕೈಬರಹದಲ್ಲಿ ಬರೆದು ಕಳುಹಿಸಿ. ಅತ್ತೆಯ ಹತ್ತಿರ ಇನ್ನೊಂದು ಪ್ರತಿ ಏನಾದರೂ ಇದೆಯೇ ಎಂದೂ ಒಮ್ಮೆ ವಿಚಾರಿಸಿ.

ಮುಳ್ಳುಗಳು ನೂರರ ಎರಡು ಪೊಟ್ಟಣ ಇವೆ. ಸೆಪ್ಟೆಂಬರ್ ಎರಡನೆಯ ವಾರ ಊರಿಗೆ ಹೊರಡುವ ಗೆಳೆಯರೊಬ್ಬರ ಕೈಯಲ್ಲಿ ಕೊಡುತ್ತೇನೆ, ದಸರೆಗೆ ಮೊದಲು ತಲುಪುತ್ತವೆ. ಪದ್ಮಿನಿಯನ್ನು ಒಯ್ಯಲು ಗುಜರಿಯವನು ಎರಡು ಸಲ ಬಂದು ಹೋದ ಎಂದಿದ್ದಿರಿ. ನಾವೆಲ್ಲ ಡಿಸೆಂಬರ್ ಇಪ್ಪತ್ತಕ್ಕೆ ಅಲ್ಲಿರುತ್ತೇವೆ. ಅಲ್ಲಿಯವರೆಗೆ ಕಾಯುವಂತೆ ಅವನಿಗೆ ಹೇಳಿ. ಟೈರಿಗೆ ಗಾಳಿ ಹೊಡೆಸಿ, ಬ್ಯಾಟರಿ ಬಿಚ್ಚಿಡಿ, ಇಲಿಗಳು ಸೀಟಿಗೆ ಹೋಗದಂತೆ ನೋಡಿಕೊಳ್ಳಿ. ಘಾಟಿ ಹತ್ತುವ ಶಕ್ತಿ ಅದಕ್ಕೆ ಇದೆಯೋ ಇಲ್ಲವೋ ಮೆಕ್ಯಾನಿಕ್ಕನ್ನು ಕೇಳೋಣ. ಇಲ್ಲವೆಂದರೆ ಅರಸೀಕೆರೆಯವರೆಗೆ ಹೋಗಿ ಬಂದರೂ ಸಾಕು.

ನಾಡಿದ್ದು ಗೌರಿ ಹಬ್ಬ. ನಿಮ್ಮ ಸೊಸೆ ಬಾಗಿನಕ್ಕೆ ಮೊರ ಸಿಗದೆ ತಟ್ಟೆಯಲ್ಲೇ ಸಿದ್ಧ ಮಾಡಿಕೊಂಡಿದ್ದಾಳೆ. ಮಕ್ಕಳಿಬ್ಬರೂ ಅಜ್ಜಿ ತಾತನಿಗೆ ನಮಸ್ಕಾರ ತಿಳಿಸಿದ್ದಾರೆ. ಅಮ್ಮನ ಮಂಡಿನೋವಿಗೆ ಡಾಕ್ಟರು ಏನೆಂದರು ಎಂಬುದನ್ನು ಮರೆಯದೆ ಬರೆಯಿರಿ.

ಇಂತಿ ನಿಮ್ಮ ಆಶೀರ್ವಾದವನ್ನು ಬಯಸುವ,
ನಿಮ್ಮ ಮಗ